ಓರೆಮಟ್ಟ

ಮೂಲೆಮಟ್ಟಕ್ಕೆ ಗೊತ್ತಿರುವುದು ಒಂದೇ ಮಾತು.
ಗೋಡೆಗೂ ಅದನ್ನೇ ಹೇಳುತ್ತದೆ, ಬಾಗಿಲಿಗೂ ಅದನ್ನೇ.
ಕೇಳದಿದ್ದರೆ ಸಂದಿನಲ್ಲಿ ಬೆಳಕು ತೋರಿಸಿ
ಮಾನ ಕಳೆಯುತ್ತದೆ.

ಓರೆಮಟ್ಟ ಹಾಗಲ್ಲ.
ಬೀಟೆಯ ಹಿಡಿ, ಉಕ್ಕಿನ ನಾಲಗೆ,
ನಡುವೆ ರೆಕ್ಕೆ ಬಿಚ್ಚಿದ ಚಿಟ್ಟೆಯಂಥ ತಿರುಪು.
ಸಡಿಲಿಸಿದರೆ ಕೇಳಿಸಿಕೊಳ್ಳುತ್ತದೆ,
ಬಿಗಿದರೆ ನೆನಪಿಟ್ಟುಕೊಳ್ಳುತ್ತದೆ.
ಮೈಮೇಲೆ ಒಂದು ಅಂಕಿಯೂ ಇಲ್ಲ.
ಎಷ್ಟು ಡಿಗ್ರಿ ಎಂದು ಯಾರಾದರೂ ಕೇಳಿದರೆ
ವೀರಭದ್ರಾಚಾರ್ ಅದನ್ನೇ ಎತ್ತಿ ತೋರಿಸೋರು:
‘ಇಷ್ಟು.’

ಅವರ ಕಣ್ಣಿಗೆ ಪೊರೆ ಬಂದ ಮೇಲೆ
ಪೆನ್ಷನ್ ಮೊಹಲ್ಲಾದ ತಗಡಿನ ಶೆಡ್ಡು, ಉಳಿ, ಬಾಚಿ,
ಹೊಟ್ಟಿನ ವಾಸನೆ, ಮೂರು ತಿಂಗಳ ಕರೆಂಟ್ ಬಾಕಿ,
ಮತ್ತು ಇದು, ನನ್ನ ಪಾಲಿಗೆ ಬಂತು.
ತಿರುಪಿನ ಮರೆ ಸವೆದಿದೆ. ಎಷ್ಟು ಬಿಗಿದರೂ
ಒಂದು ಕೂದಲಷ್ಟು ಅನುಮಾನ ಉಳಿಯುತ್ತದೆ.

ಚನ್ನರಾಯಪಟ್ಟಣದಿಂದ ಡ್ರೈವರ್ ಜವರಯ್ಯ
ಫೋನು ಮಾಡಿದ್ದು ಒಂದು ಕುರ್ಚಿಗೆ.
‘ಅಂಗಡೀಲಿ ಸಿಗಲ್ವಾ ಅಣ್ಣ?’
‘ಸಿಗ್ತವೆ ಕಣವ್ವ. ಅವೆಲ್ಲ ಮಡಚೋ ಕೈಗೆ.’

ಹಿರೀಸಾವೆ ಹತ್ತಿರ ಬಸ್ಸು ಮಗುಚಿದ್ದು,
ಪಟ್ಟು ಹಾಕಿದವನು ಬಿಚ್ಚುವ ದಿನ ತಪ್ಪಿಸಿದ್ದು,
ಎಲ್ಲ ಇಪ್ಪತ್ತೆರಡು ವರ್ಷದ ಹಳೇ ಲೆಕ್ಕ.
ಬಲ ಮೊಳಕೈ ಸ್ಟೇರಿಂಗ್ ಮೇಲಿದ್ದ ಹಾಗೆಯೇ ನಿಂತುಬಿಟ್ಟಿದೆ.
ಬಸ್ಸು ಗುಜರಿಗೆ ಹೋಯಿತು,
ಕೈ ಇನ್ನೂ ಆ ತಿರುವಿನಲ್ಲೇ ಇದೆ.

ಜಗಲಿಯಲ್ಲಿ ಮಂಡಿಯೂರಿದೆ.
ಹಿಡಿಯನ್ನು ತೋಳಿಗೆ ಒತ್ತಿ, ನಾಲಗೆಯನ್ನು ಮುಂಗೈಗೆ ಸೋಕಿಸಿದಾಗ
ಉಕ್ಕಿನ ತಣ್ಪಿಗೆ ಅವನ ರೋಮ ಎದ್ದವು.
‘ಸರ್ಟಿಫಿಕೇಟಲ್ಲಿ ಶೇಕಡಾ ನಲವತ್ತು ಅಂತ ಬರೆದವ್ರೆ.
ನಿನ್ನದರಲ್ಲಿ ಎಷ್ಟು?’
ತಿರುಪು ಬಿಗಿದು, ಎತ್ತಿ ತೋರಿಸಿದೆ.
ಅವನು ನೋಡಿದ. ಕೇರುತ್ತಿದ್ದ ಮೊರ ಕೆಳಗಿಟ್ಟು
ಹೆಂಡತಿ ಸಾಕಮ್ಮನೂ ಬಂದು ನೋಡಿದಳು.
ಕೈಯಿಂದ ಬಿಡಿಸಿಟ್ಟ ಕೈಯ ಓರೆಯನ್ನು
ಇಬ್ಬರೂ ಮೊದಲ ಸಲ ನೋಡುವವರ ಹಾಗೆ.

ಹಾಸನದ ಬಸ್ಸಿನಲ್ಲಿ ಎರಡೂ ಕೈಯಲ್ಲಿ ಹಿಡಿದು ಕೂತೆ.
‘ಏನಮ್ಮ, ಹಚ್ಚಿದ ದೀಪದ ಹಂಗೆ ಹಿಡ್ಕೊಂಡಿದೀಯ?’
ಕಂಡಕ್ಟರು ನಕ್ಕ. ಚಿಲ್ಲರೆ ತೆಗೆಯಲು
ನನಗೆ ಮೂರನೇ ಕೈ ಇರಲಿಲ್ಲ.
ಶಾಂತಿಗ್ರಾಮದ ಹಂಪಿನಲ್ಲಿ ಬಸ್ಸು ಕುಪ್ಪಳಿಸಿ
ಯಾರದೋ ತೆಂಗಿನಕಾಯಿ ಚೀಲ ಬಂದು ಬಡಿಯಿತು.
ನಾಲಗೆ ಜರುಗಿತು.
ಎಳ್ಳಿನಷ್ಟು.

ಎಳ್ಳಿನಷ್ಟು ಅಂದರೆ, ಮೊಳದ ತುದಿಗೆ ಹೋಗುವಷ್ಟರಲ್ಲಿ
ಒಂದು ಬೆರಳಗಲ.
ಒಂದು ಬೆರಳಗಲ ಅಂದರೆ, ದಿನವಿಡೀ ಎತ್ತಿ ಹಿಡಿದ ಭುಜ.
ಇಳಿದೆ. ರಸ್ತೆ ದಾಟಿ ಎದುರಿನ ಬಸ್ಸು ಹತ್ತಿದೆ.

ಜವರಯ್ಯನಿಗೆ ಆಶ್ಚರ್ಯವೇ ಆಗಲಿಲ್ಲ.
‘ಶಾಂತಿಗ್ರಾಮದಲ್ಲಾ? ಅಲ್ಲಿ ಎರಡು ಹಂಪು.
ಮೊದಲನೇದಕ್ಕೆ ನಿಧಾನ ಮಾಡ್ತಾರೆ,
ಎರಡನೇದನ್ನ ಮರೀತಾರೆ.’
ಮತ್ತೆ ಅಳೆದೆ. ಹಾಲಿನ ಪಾಕೆಟ್ಟಿನ ರಬ್ಬರ್ ಬ್ಯಾಂಡನ್ನು
ಅವನೇ ಎಡಗೈ ಬೆರಳು, ಹಲ್ಲು ಸೇರಿಸಿ
ತಿರುಪಿಗೆ ಎಂಟು ಸುತ್ತು ಸುತ್ತಿಕೊಟ್ಟ.
‘ಹಿಂದಿನ ಚಕ್ರದ ಮೇಲೆ ಕೂರಬೇಡ.
ಡ್ರೈವರ್ ಹಿಂದೆ, ಮೂರನೇ ಸೀಟು.’

ಹಲಸಿನ ಹಲಗೆ. ಎಡಗೈಗೆ ಮಾಮೂಲಿ ಆಸರೆ,
ಬಲಗೈಯದು ಮೇಲಕ್ಕೇರುತ್ತದೆ.
ಶೆಡ್ಡಿಗೆ ಬಂದವರೆಲ್ಲ ಕೇಳಿದರು, ಅಳತೆ ತಪ್ಪಿತಾ?
ಕಣ್ಣು ಮಂಜಾದ ಆಚಾರ್ ಮಾತ್ರ
ಅಂಗೈ ಇಟ್ಟು ಸವರಿ ಕೇಳಿದರು,
‘ಯಾರ ಕೈ ಇದು?’

ಕುರ್ಚಿಯಲ್ಲಿ ಜವರಯ್ಯ ಕೂತ ದಿನ
ಅವನ ಬಲ ಭುಜ ಇಳಿಯಿತು.
ಸದ್ದೇನೂ ಬರಲಿಲ್ಲ. ಸಾಕಮ್ಮ ಟೀ ತರಲು ಒಳಗೆ ಹೋದಳು,
ಬಹಳ ಹೊತ್ತು ಬರಲಿಲ್ಲ.
ಹೆಬ್ಬೆರಳು ಆಸರೆಯ ತುದಿಯಲ್ಲಿ
ಏನನ್ನೋ ತಡಕಿ, ಒತ್ತಿತು. ಎರಡು ಸಲ.

ಮಾರನೇ ದಿನ ಸಾಲಗಾಮೆ ರಸ್ತೆಯಲ್ಲಿ ಮೆಟ್ಟಿಲ ಕೆಲಸ.
ರಬ್ಬರ್ ಬ್ಯಾಂಡು ಬಿಚ್ಚಿ ಮಣಿಕಟ್ಟಿಗೆ ಹಾಕಿಕೊಂಡೆ.
ತಿರುಪು ಅರ್ಧ ಸುತ್ತು ತಿರುಗಿತು ಅಷ್ಟೇ,
ನಾಲಗೆ ಹಿಡಿಯೊಳಗೆ ಮಡಚಿಕೊಂಡಿತು,
ಏನೂ ಕೇಳಿಸಿಕೊಂಡಿಲ್ಲದ ಹಾಗೆ.