ಸವೆದ ತುದಿ

ರಾಯಚೂರಿನ ತೀನ್ ಕಂದೀಲಿನ ಬಳಿ
ಚಪ್ಪಲಿ ಹೊಲಿಯುವ ದುರುಗಪ್ಪ
ಡಾಕ್ಟರಿಗಿಂತ ಮೊದಲೇ ಹೇಳಿದ್ದ:
"ಎಡಗಾಲು ಎಳೀತೀರಿ ಅಕ್ಕಾರ,
ತುದಿ ಅಷ್ಟೇ ಸವದದ ನೋಡ್ರಿ."
ನಕ್ಕು ಬಂದಿದ್ದೆ.

ಈಗ ದಿನಾ ಮುಂಜಾನೆ ಫಿಸಿಯೋ ಹುಡುಗಿ ಶಾಹೀನಾ
ನೆಲಕ್ಕೆ ಬಿಳಿ ಟೇಪು ಅಂಟಿಸಿ
"ಹಿಮ್ಮಡಿ ಮೊದಲು" ಅನ್ನುತ್ತಾಳೆ.
ಐವತ್ತೆರಡು ವರ್ಷ ಈ ಕಾಲಿಗೆ
ಯಾವುದು ಮೊದಲೆಂದು ಯಾರು ಹೇಳಿದ್ದರು?

ಕೋಲು ಗಟ್ಟಿ ಕಾಲಿನ ಕಡೆ ಹಿಡಿಯಬೇಕಂತೆ,
ಸೋತದ್ದರ ಕಡೆಗಲ್ಲ.
ಇಷ್ಟು ಒಪ್ಪಲಿಕ್ಕೇ ಹದಿನೈದು ದಿನ.
ಅಡುಗೆಮನೆ ಹೊಸ್ತಿಲು ತೆಗೆಸಿದೆ;
ಅದಕ್ಕೆ ಅರಿಷಿಣ ಹಚ್ಚುವ ಶುಕ್ರವಾರ
ಕೈ ಸುಮ್ಮನೆ ಬಟ್ಟಲು ಹುಡುಕಿತು.

ನಿನ್ನೆ ದುರುಗಪ್ಪ ಪಟ್ಟಿ ಚಪ್ಪಲಿ ಬೋರಲು ಹಾಕಿ
ಹಿಂದೆ ಹೆಬ್ಬೆರಳು ಒತ್ತಿದ:
"ಈ ಸಲ ಹಿಮ್ಮಡಿ ಸವದದರೀ."
ಇಪ್ಪತ್ತು ರೂಪಾಯಿ ಕೇಳಿದ.
ಚೌಕಾಸಿ ಮಾಡಲಿಲ್ಲ ನಾನು.