ಹತ್ತಕ್ಕೆ ಹತ್ತು

ಚೌಕ ಶುಭ ಅಂದಿದ್ದ ಮೇಸ್ತ್ರಿ ಬೋರಣ್ಣ.
ಮೂಲೆಮಟ್ಟ ಹಿಡಿದು ಎತ್ತಿದ ಗೋಡೆ, ಹತ್ತಕ್ಕೆ ಹತ್ತು.
ಮನುಷ್ಯರಿಗೆ ಶುಭ ಇದ್ದೀತು.
ಮೃದಂಗದ ಎಡಗಡೆಯ ಗುಂಕಾರ ಮಾತ್ರ
ಮೂಲೆಗೆ ಹೋಗಿ ಕೂತರೆ
ಎದ್ದು ಬರಲು ಒಲ್ಲದು;
ಗೂಡಿನ ಸ್ಟೀಲ್ ಲೋಟ ನಡುಗಿ
ತಾನೂ ಪಕ್ಕವಾದ್ಯ ಅಂದುಕೊಳ್ಳುತ್ತದೆ.

ಇಪ್ಪತ್ತೇಳು ವರ್ಷ ಹಾಸನ ಡಿಪೋದ ಬಸ್ಸು ಓಡಿಸಿದವನು.
ಎಡಗಿವಿ ಪೂರ್ತಿ ಇಂಜಿನ್ನಿಗೆ ಕೊಟ್ಟೆ,
ಬಲಗಿವಿ ಅರ್ಧ ಕಿಟಕಿ ಗಾಳಿಗೆ.
ಉಳಿದ ಅರ್ಧಕ್ಕಾದರೂ
ಒಂದು ಮರ್ಯಾದಸ್ಥ ಕೋಣೆ ಬೇಡವೇ?

ನಡುವೆ ನಿಂತು ಚಪ್ಪಾಳೆ ಹೊಡೆದೆ.
ಬರಿಗೋಡೆಗಳು ಝಿರ್ರನೆ
ಚಿಲ್ಲರೆ ಎಣಿಸಿ ವಾಪಸ್ ಕೊಟ್ಟವು.
ಕೆಳಗಿಂದ ಕಮಲಾಕ್ಷಿ: "ಒಬ್ರೇ ಏನ್ರೀ ಭಜನೆ?"

ಪೆನ್ಷನ್ ಮೊಹಲ್ಲಾದ ಹಾಸಿಗೆ ಅಂಗಡಿಯಲ್ಲಿ
ದಸ್ತಗೀರ್ ಸಾಬರನ್ನು ಹಳೇ ಹತ್ತಿ ಕೇಳಿದೆ.
"ಎಷ್ಟು ಜನ ಮಲಗೋರು?"
"ಜನ ಅಲ್ಲ ಸಾಬ್ರೆ, ಸದ್ದು."
ಅವರು ನಗಲಿಲ್ಲ.
ಬಿಲ್ಲು ಮೀಟಿ ಹಿಂಜುತ್ತಿದ್ದ ಕಾಲದಲ್ಲಿ
ಅವರಪ್ಪ ಅಂಗಡಿಯೊಳಗೆ ಬೈದರೆ
ಹೊಸ್ತಿಲಲ್ಲಿ ನಿಂತವರಿಗೂ ಕೇಳುತ್ತಿರಲಿಲ್ಲವಂತೆ.
"ಹತ್ತಿ ಗುಟ್ಟು ಬಿಡಲ್ಲ" ಅಂದು
ಎರಡು ಮೂಟೆ ತೂಗಿದರು.

ಆಲೂಗಡ್ಡೆ ಮಂಡಿಯ ಗೋಣಿ ಒಗೆದು, ಹತ್ತಿ ತುರುಕಿ
ನೆಲದಿಂದ ಸೂರಿನವರೆಗೆ ಮೂಲೆ ತುಂಬಿದೆ;
ಹಿಂಗೋಡೆಗೆ ಅರಸೀಕೆರೆಯ ನಾರಿನ ಚಾಪೆ.
ಎಷ್ಟು ಒಗೆದರೂ ಗೋಣಿಯಲ್ಲಿ ಮಣ್ಣಿನ ವಾಸನೆ.

ಆಮೇಲೆ ಕನ್ನಡಿ ಆಟ.
ನಾನು ಕುರ್ಚಿಯಲ್ಲಿ. ಅವಳು ಪಕ್ಕದ ಗೋಡೆಗೆ
ಮುಖ ನೋಡೋ ಕನ್ನಡಿ ಒತ್ತಿ ಸರಿಸುತ್ತ ಬಂದಳು.
ಸ್ಪೀಕರ್ ಕಂಡಲ್ಲೇ ಸದ್ದು ಬಡಿದು ಬರುವ ಜಾಗ.
"ಕಾಣ್ತಾ?" "ಇಲ್ಲ, ಕಿಟಕಿ."
"ಈಗ?" "ನಿನ್ನ ಬಳೆ."
"ಈಗ?"
"ನಿಲ್ಲು. ಅಲ್ಲೇ ಗೀಟು ಹಾಕು."

ಮೊದಲ ರಾತ್ರಿ ಅತಿಯಾಯಿತು.
ಆಡಿದ ಮಾತು ತುಟಿ ದಾಟಿದ್ದೇ
ಕಾಲಬುಡದಲ್ಲಿ ಬಿದ್ದುಹೋಗುತ್ತಿತ್ತು.
ಎರಡು ಚಾಪೆ ಇಳಿಸಿದೆ.

ಈಗ ಆ ಕ್ಯಾಸೆಟ್ಟು:
ತೊಂಬತ್ತೊಂದರಲ್ಲಿ, ಡಿಪೋದ ವಿಶ್ರಾಂತಿ ಕೋಣೆಯಲ್ಲಿ,
ರಾತ್ರಿ ಪಾಳಿಯ ಕಂಡಕ್ಟರ್ ಮರಿಗೌಡ ಕೊಳಲು ಊದಿದ್ದು.
ಇಷ್ಟು ವರ್ಷ ಬರೀ ಕೊಳಲು ಕೇಳಿದ್ದೆ.
ನನ್ನ ಗೋಡೆ ಬಾಯಿ ಮುಚ್ಚಿದ ಮೇಲೆ
ಆ ಗೋಡೆ ಮಾತಾಡಿತು:
ತಗಡಿನ ಸೂರು, ಟಿಕೆಟ್ ಪೆಟ್ಟಿಗೆ ಮುಚ್ಚಿದ್ದು,
ಹಿಂದಕ್ಕೆ ಬರುವ ಬಸ್ಸಿಗೆ ಯಾರೋ ಬರ್ಲಿ ಬರ್ಲಿ ಅಂದದ್ದು,
ಸ್ವರ ಬಿಟ್ಟು ಮರಿಗೌಡ ಉಸಿರೆಳೆದದ್ದು.
ಒಂದು ಕೆಮ್ಮು.
ಟೇಪಿನ ದೋಷ ಅಂದುಕೊಂಡಿದ್ದೆ ಅದನ್ನು.

ಕಮಲಾಕ್ಷಿ ಬಾಗಿಲಲ್ಲಿದ್ದಳು, ಕೈಯಲ್ಲಿ ಸೌಟು.
ಅಳೆದು ಇಟ್ಟ ಕುರ್ಚಿ ಅವಳಿಗೆ ಬೇಕಾಗಲಿಲ್ಲ.
"ಅದು ನೀವು" ಅಂದಳು,
"ಬೀಡಿ ಬಿಡೋಕ್ ಮುಂಚಿನ ಕೆಮ್ಮು."