ನಿಮಗೇನಾಗಬೇಕು?

ಮಿಲ್ವಾಕೀ. ಗೇಟು ಇಪ್ಪತ್ತೆಂಟು. ಫೆಬ್ರುವರಿ.
ಹೊರಗೆ ರೆಕ್ಕೆಗಳ ಮೇಲಿನ ಹಿಮ ಕರಗಿಸಲು
ಕಿತ್ತಳೆ ಬಣ್ಣದ ನೀರು ಹೊಡೆಯುತ್ತಿದ್ದರು.
ನನ್ನ ಕೆಲಸ ಒಳಗೆ, ಬೆಚ್ಚಗೆ:
ಕೂಪನ್ನು ತಂದವರನ್ನು ಕೇಳುವುದು,
ಇದನ್ನು ಕೊಟ್ಟವರು ನಿಮಗೇನಾಗಬೇಕು?

ಭಾವ, ಅಂದರು. ಷಡ್ಡಕ, ಅಂದರು.
ಚಿಕ್ಕಪ್ಪ ಅಂದ ಒಬ್ಬ;
ಆ ಚಿಕ್ಕಪ್ಪನಿಗಿಂತ ಇವನೇ ಇಪ್ಪತ್ತು ವರ್ಷ ದೊಡ್ಡವ.
ಆ ಚಳಿಗಾಲ ಇಡೀ ಊರೇ ಬೀಗರ ಮನೆ,
ಮಿಚೆಲ್ ಬೀದಿಯ ಒಂದು ಅಂಗಡಿಯ ದೆಸೆಯಿಂದ.

ಹೊಲಿಗೆ ಯಂತ್ರ ರಿಪೇರಿಯವನ ಪಕ್ಕ,
ಕಿಟಕಿಯಲ್ಲಿ ಕೈಬರಹದ ಬೋರ್ಡು:
ಮೈಲಿ ಕೊಳ್ಳುತ್ತೇವೆ. ಮೈಲಿ ಮಾರುತ್ತೇವೆ.
ಒಳಗೆ ಐರೀನ್ ಗೊರಾಲ್ಸ್ಕಿ, ಮೂಗಿನ ತುದಿಗೆ ಕನ್ನಡಕ,
ಬೂಟಿನ ಡಬ್ಬಿಗಳಲ್ಲಿ ಊರುವಾರು ಜೋಡಿಸಿಟ್ಟ ಆಕಾಶ.
ಕವಾಟ ಮಾರುವವರು, ಬೀಗ ಮಾರುವವರು,
ಹಲ್ಲಿನ ಡಾಕ್ಟರ ಕುರ್ಚಿ ಮಾರುವವರು
ವಾರಕ್ಕೆ ನಾಲ್ಕು ರಾತ್ರಿ ಪರರ ದಿಂಬಿಗೆ ತಲೆಯಿಟ್ಟು
ಗಳಿಸಿದ ಪುಕ್ಕಟೆ ಟಿಕೆಟ್ಟುಗಳನ್ನು
ಅವಳ ಮೇಜಿಗೆ ಸುರಿದು ನಗದು ಎಣಿಸಿಕೊಳ್ಳುತ್ತಿದ್ದರು.
ರಜೆಯಲ್ಲೂ ಹಾರುವುದು ಯಾರಿಗೆ ಬೇಕು?
ಬೇಕಿದ್ದದ್ದು ಸೋರುವ ಮಾಡಿಗೆ ಹೊಸ ಹಂಚು.

ಹನಿಗೂಡಿದರೆ ಹಳ್ಳ, ಹೌದು.
ಹಳ್ಳದ ಒಡ್ಡು ಮಾತ್ರ ಕಂಪನಿಯದು.

ತರಬೇತಿಯಲ್ಲಿ ಹೇಳಿದ್ದರು: ಬಹುಮಾನ ಪ್ರೀತಿಯ ಗುರುತು,
ಪ್ರೀತಿಯನ್ನು ಮೂರನೆಯವರಿಗೆ ಮಾರಲಾಗದು.
ಖಾಲಿ ಹೋಗಬೇಕಿದ್ದ ಸೀಟಲ್ಲಿ ನಮ್ಮವನು ಕೂತರೆ ಸರಿ,
ಕಾಸು ಕೊಡಬೇಕಿದ್ದವನೇ ಕೂತರೆ ನಷ್ಟ.
ಬರೆದುಕೊಂಡೆ.
ಆ ಲೆಕ್ಕ ತಪ್ಪೂ ಅಲ್ಲ.

ಆ ಬೆಳಗ್ಗೆ ಬಂದವಳು ಗಿಡ್ಡ ಹೆಂಗಸು, ಕಂದು ಕೋಟು,
ಕಂಕುಳಲ್ಲಿ ರೈ ಬ್ರೆಡ್ಡಿನ ಪೊಟ್ಟಣ. ಟೂಸಾನ್‌ಗೆ.
ಕೂಪನ್ನಿನ ಮೇಲೆ ಹೆಸರು ಡೆಲ್ಬರ್ಟ್ ಹಾಫ್‌ಸ್ಟಾಡ್.
ಇವರು ನಿಮಗೇನಾಗಬೇಕು?
ನನ್ನ ಎದೆಯ ಬಿಲ್ಲೆಯನ್ನು ತುಸು ಹೊತ್ತು ನೋಡಿದಳು.
‘ಏನೂ ಆಗಬೇಕಿಲ್ಲ,’ ಅಂದಳು.
‘ಇನ್ನೂರ ಮೂವತ್ತು ಡಾಲರು ಕೊಟ್ಟೆ.
ಮಗಳಿಗೆ ನಸುಕಿನಲ್ಲೇ ನೋವು ಶುರುವಾಗಿದೆ.’

ಸುಳ್ಳು ಹೇಳಿದ್ದರೆ ಬಿಡಬಹುದಿತ್ತು.
ಸುಳ್ಳಿಗೆ ಫಾರಮ್ಮಿನಲ್ಲೊಂದು ಖಾನೆ ಇತ್ತು: ಸಂಬಂಧ.
ನಿಜಕ್ಕೆ ಇರಲಿಲ್ಲ.
ಮೂಲೆ ಕತ್ತರಿಸಿ ಕೂಪನ್ನನ್ನು ಲಕೋಟೆಗೆ ಹಾಕಿದೆ.
ಬ್ರೆಡ್ಡನ್ನು ಕೌಂಟರಿನ ಮೇಲೆ ಮರೆತು ಹೋದಳು ಆಕೆ,
ಅಥವಾ ಬಿಟ್ಟು ಹೋದಳು.
ಮಧ್ಯಾಹ್ನದವರೆಗೂ ಅದು ಬೆಚ್ಚಗಿತ್ತೆಂದು ನೆನಪು.
ಇರಲಾರದು.

ಬೇಸಿಗೆಗೆ ವಕೀಲರ ನೋಟೀಸು ಬಂದು ಐರೀನಳ ಬೋರ್ಡು ಇಳಿಯಿತು.
ಎಲೆ ಉದುರುವ ಹೊತ್ತಿಗೆ ಎಲ್ಲ ಸದಸ್ಯರಿಗೂ ಕಂಪನಿಯ ಪತ್ರ:
ದುರುಪಯೋಗದ ಕಾರಣ, ಅತ್ಯಂತ ವಿಷಾದದಿಂದ,
ಇಪ್ಪತ್ತು ಸಾವಿರ ಮೈಲಿಯ ಟಿಕೆಟ್ಟು ಇನ್ನು ಮೂವತ್ತೈದಕ್ಕೆ.
ಮಾರಿದವರು ಮಾರಿಯಾಗಿತ್ತು.
ದಂಡ ತೆತ್ತವರು ಕೂಡಿಟ್ಟವರು.

ನಮ್ಮಪ್ಪ ಕೂಡಿಟ್ಟವನು.
ಪಂಪಿನ ವಾಷರು ಮಾರುತ್ತ ಡುಲೂತ್, ಪಿಯೋರಿಯಾ, ಟೊಲೀಡೊ;
ಐರೀನಳ ಅಂಗಡಿ ದಾಟುವಾಗ
ನನ್ನ ನೌಕರಿಯ ಮಾನಕ್ಕೆ ಹ್ಯಾಟು ಕೆಳಗೆಳೆದುಕೊಳ್ಳುತ್ತಿದ್ದ.
ಮೂವತ್ತಾರು ಸಾವಿರ ಆಗಿತ್ತು.
ಇನ್ನು ನಾಲ್ಕಾದರೆ ಅವನಿಗೂ ಅಮ್ಮನಿಗೂ ಬೆಚ್ಚನೆಯ ಸಮುದ್ರ.
ಪತ್ರ ಬಂದ ದಿನ ಮಗ್ಗಿ ಹೇಳುವ ಹುಡುಗನಂತೆ ತುಟಿಯಾಡಿಸಿ
‘ಇನ್ನು ಮೂವತ್ತನಾಲ್ಕು,’ ಅಂದ, ಡಬ್ಬಣದಂತೆ ನೆಟ್ಟಗೆ ಕೂತು.
ನನ್ನ ಕಡೆ ನೋಡಲಿಲ್ಲ.

ಜನವರಿಯಲ್ಲಿ ಹೋದ.
ಅಮ್ಮನ ಹೆಸರಿಗಾದರೂ ಬರೆಯಿರಿ ಎಂದು
ನನ್ನದೇ ಕಂಪನಿಗೆ ಫೋನು ಮಾಡಿದೆ.
ಮೃತರ ಮೈಲಿಗಳು ಹಸ್ತಾಂತರವಾಗುವುದಿಲ್ಲ, ಅಂದಳು ಹುಡುಗಿ,
ನಾನೂ ಕಲಿತ ಅದೇ ಮೆದು ದನಿಯಲ್ಲಿ.
ಕೀಲಿಮಣೆಯ ಟಕಟಕ. ಆಮೇಲೆ,
ಯಾವುದೋ ಖಾನೆ ತುಂಬಲೇನೋ, ಕೇಳಿದಳು:
ಅವರು ನಿಮಗೇನಾಗಬೇಕು?